ಏರಿಯ ಮೇಲೆ, ಕಣದಲ್ಲಿ, ಹುಳುಮನೆಯಲ್ಲಿ: ಪದ ಕೂಡಿಡುವವರಿಗೊಂದು ಕೈಪಿಡಿ

ಅಪರೂಪದ ಪದಗಳನ್ನು ಕೂಡಿಡಬೇಕೆಂಬ ಆಸೆ ಹುಟ್ಟಿದವರು ಸಾಮಾನ್ಯವಾಗಿ ಒಂದು ದಪ್ಪ ನಿಘಂಟು ಕೊಂಡು ಅಕಾರದಿಂದ ಓದಲು ಕೂರುತ್ತಾರೆ. ಇಕಾರ ಮುಟ್ಟುವಷ್ಟರಲ್ಲಿ ಆಸೆ ಇಂಗಿರುತ್ತದೆ. ನಿಘಂಟು ಬೇಕು, ಆದರೆ ಅದರ ಸರದಿ ಆಮೇಲೆ. ಪದ ಸಿಗುವುದು ಕೆಲಸ ನಡೆಯುವ ಜಾಗದಲ್ಲಿ, ಆಡುವವರ ಗಮನವೆಲ್ಲ ಕೆಲಸದ ಮೇಲಿರುವಾಗ.

ಅವಿಭಜಿತ ಕೋಲಾರ ಜಿಲ್ಲೆ, ಅಂದರೆ ಈಗಿನ ಕೋಲಾರ ಮತ್ತು ಚಿಕ್ಕಬಳ್ಳಾಪುರ, ಈ ಹವ್ಯಾಸಕ್ಕೆ ಹೇಳಿ ಮಾಡಿಸಿದ ಸೀಮೆ. ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲಿನ ಕಡೆ ಮನೆಮಾತು ತೆಲುಗು ಆಗಿರುವವರು ಬಹಳ. ಕೆ.ಜಿ.ಎಫ್‌. ಕಡೆ ತಮಿಳು. ಪೇಟೆಗಳಲ್ಲಿ ಉರ್ದು. ಒಂದೇ ಸಂತೆಯಲ್ಲಿ ಬೆಲೆ ಕೇಳುವುದು ಒಂದು ಭಾಷೆಯಲ್ಲಿ, ಚೌಕಾಸಿ ಮಾಡುವುದು ಇನ್ನೊಂದರಲ್ಲಿ, ಚಿಲ್ಲರೆ ಎಣಿಸುವುದು ಮತ್ತೊಂದರಲ್ಲಿ. ಕಿವಿ ಇದ್ದವರಿಗೆ ಇಲ್ಲಿ ಬರಗಾಲವಿಲ್ಲ. ಇಲ್ಲಿ ಹೇಳುವ ವಿಧಾನ ಬೇರೆ ಊರುಗಳಿಗೂ ಸಲ್ಲುತ್ತದೆ. ಉದಾಹರಣೆಗಳು ಮಾತ್ರ ಇಲ್ಲಿನವು.

ಯಾವುದು ಅಪರೂಪ?

ಒಬ್ಬರಿಗೆ ಅಪರೂಪವಾದ ಪದ ಇನ್ನೊಬ್ಬರಿಗೆ ದಿನಬಳಕೆಯದು. ಕೆರೆಯ ನೀರು ಹಂಚುವ ನೀರಗಂಟಿಗೆ ‘ತೂಬು’ ಎಂಬುದು ನಮಗೆ ‘ನಲ್ಲಿ’ ಇದ್ದಷ್ಟೇ ಸಾಮಾನ್ಯ. ಹಾಗಾಗಿ ಕಷ್ಟದ ಪದ, ಹಳೆಯ ಪದ, ಚಂದದ ಪದ ಎಂದು ಅರಸಬೇಡಿ. ಆಡುವವರು ಯೋಚಿಸದೆ ಆಡಿದ್ದು, ಕೇಳಿದ ನೀವು ಒಂದು ಕ್ಷಣ ನಿಂತದ್ದು: ಇಷ್ಟಿದ್ದರೆ ಸಾಕು, ಬರೆದುಕೊಳ್ಳಿ.

ಹೀಗೆ ನಿಲ್ಲಿಸುವ ಪದಗಳು ಮೂರು ಬಗೆ. ಎಂದೂ ಕೇಳದ ಪದ ಒಂದು ಬಗೆ. ಇದನ್ನು ಯಾರಾದರೂ ಗುರುತಿಸುತ್ತಾರೆ. ಗೊತ್ತಿರುವ ಪದವೇ ಬೇರೆ ಆಕಾರದಲ್ಲಿ ಬರುವುದು ಇನ್ನೊಂದು. ಮೂರನೆಯದು, ಚೆನ್ನಾಗಿ ಗೊತ್ತಿರುವ ಪದ ಗೊತ್ತಿಲ್ಲದ ಕೆಲಸ ಮಾಡುವುದು. ಹೊಸಬರ ಕೈಯಿಂದ ಹೆಚ್ಚಾಗಿ ಜಾರಿಹೋಗುವುದು ಇದೇ, ನನ್ನ ಮಟ್ಟಿಗೆ ಅತ್ಯಂತ ರುಚಿಕರವಾದದ್ದೂ ಇದೇ.

ಶಿಡ್ಲಘಟ್ಟದ ಕಡೆಯ ಹುಳುಮನೆಯನ್ನು, ಅಂದರೆ ರೇಷ್ಮೆಹುಳು ಸಾಕುವ ಮನೆಯನ್ನು, ತೆಗೆದುಕೊಳ್ಳಿ. “ಹುಳು ಜ್ವರಕ್ಕೆ ಕೂತಿದೆ” ಎಂದು ರೈತರು ಹೇಳಿದರೆ ಪೇಟೆಯವರು ಔಷಧದ ಮಾತೆತ್ತುತ್ತಾರೆ. ಆದರೆ ಅದು ಕಾಯಿಲೆಯಲ್ಲ, ಪೊರೆ ಬಿಡುವ ಹೊತ್ತು. ರೇಷ್ಮೆಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲುಗಾಡದೆ ಕೂರುತ್ತದೆ. ಆಗ ಸೊಪ್ಪು, ಅಂದರೆ ಹಿಪ್ಪುನೇರಳೆ ಎಲೆ, ಹಾಕಬಾರದು. ಮೊದಲನೆಯ ಜ್ವರ, ಎರಡನೆಯ ಜ್ವರ ಎಂದು ಎಣಿಸುತ್ತ ಹೋಗುವುದೇ ಸಾಕಣೆಯ ಪಂಚಾಂಗ. ನಾಲ್ಕೂ ಜ್ವರ ಎದ್ದು, ಹೊಟ್ಟೆ ತುಂಬ ಮೇಯ್ದು, ಮೈ ಹಳದಿ ಛಾಯೆಗೆ ತಿರುಗಿ ಬೆಳಕು ಹಾಯುವಂತಾದರೆ ಹುಳು ‘ಹಣ್ಣಾಯಿತು’. ಹಣ್ಣಾದವನ್ನು ಆಯ್ದು ಚಂದ್ರಿಕೆಗೆ ಬಿಡುತ್ತಾರೆ. ಅದು ಬಿದಿರಿನ ತಟ್ಟಿಯ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿಯಾಗಿ ನಿಲ್ಲಿಸಿದ ಸಾಧನ, ಗೂಡು ಕಟ್ಟುವುದು ಆ ಸುರುಳಿಯ ಸಂದುಗಳಲ್ಲಿ. ಈಗ ಪ್ಲಾಸ್ಟಿಕ್ಕಿನ ‘ನೇತ್ರಿಕೆ’ಯೂ ಬಂದಿದೆ. ಜ್ವರ, ಹಣ್ಣು, ಸೊಪ್ಪು ಇವು ಮಕ್ಕಳಿಗೂ ಗೊತ್ತಿರುವ ಪದಗಳು. ಹುಳುಮನೆಯ ಹೊಸ್ತಿಲು ದಾಟಿದೊಡನೆ ಅವಕ್ಕೆ ಬೇರೆಯೇ ಅರ್ಥ.

ಒಂದು ಕೆಲಸವನ್ನು ಆರಿಸಿಕೊಳ್ಳಿ

ಎಲ್ಲ ಕಡೆಯಿಂದ ಎಲ್ಲ ಪದ ಎಂದು ಹೊರಟರೆ ಏನೂ ಉಳಿಯುವುದಿಲ್ಲ. ಮೊದಲ ಕೆಲವು ತಿಂಗಳಿಗೆ ಒಂದೇ ಕಸುಬು ಅಥವಾ ಒಂದೇ ಜಾಗ ಹಿಡಿಯಿರಿ. ನಿಮಗೆ ಹೋಗಿಬರಲು ಸುಲಭವಾದದ್ದೇ ಒಳ್ಳೆಯದು: ನೆಂಟರ ರಾಗಿ ಹೊಲ, ಬೀದಿಯ ಬಡಗಿಯ ಅಂಗಡಿ, ಟೊಮೆಟೊ ಮಂಡಿ, ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆದುಕೊಡುವವರ ಮೇಜು, ನಿಮ್ಮದೇ ಅಡುಗೆಮನೆ.

ಎಲ್ಲಿಂದ ಎಂದು ತೋಚದಿದ್ದರೆ ಕೆರೆಯಿಂದ ಆರಂಭಿಸಿ. ಪಾಲಾರ್, ಪೆನ್ನಾರ್ ಈ ಸೀಮೆಯಲ್ಲೇ ಹುಟ್ಟಿದರೂ ವರ್ಷವಿಡೀ ಹರಿಯುವ ಹೊಳೆಗಳಲ್ಲ. ಇಲ್ಲಿನ ಊರುಗಳು ನೆಚ್ಚಿಕೊಂಡು ಬಂದದ್ದು ಕೆರೆಗಳನ್ನು, ಆದ್ದರಿಂದ ಕೆರೆಯ ಅಂಗಾಂಗಕ್ಕೆಲ್ಲ ಹೆಸರಿದೆ. ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ದಿಬ್ಬ ಏರಿ. ಹೊಲಕ್ಕೆ ನೀರು ಬಿಡುವ ಕಿಂಡಿ ತೂಬು. ತುಂಬಿದ ಕೆರೆ ಹೆಚ್ಚಾದದ್ದನ್ನು ಹೊರಚೆಲ್ಲುವ ಜಾಗ ಕೋಡಿ. ನೀರು ನಿಲ್ಲುವ ತಳ ಅಂಗಳ. ಏರಿಯ ಕೆಳಗೆ ಆ ನೀರಿನಿಂದ ಬೆಳೆಯುವ ಭೂಮಿ ಅಚ್ಚುಕಟ್ಟು. ಕೆರೆಗೆ ನೀರು ತರುವುದು ರಾಜಕಾಲುವೆ. ಕೆರೆ ಅನ್ನಿಸಿಕೊಳ್ಳಲಾರದಷ್ಟು ಚಿಕ್ಕದು ಕುಂಟೆ. ಇಷ್ಟು ತಿಳಿದ ಮೇಲೆ ಕೋಲಾರದಿಂದ ಚಿಂತಾಮಣಿಗೆ ಬಸ್ಸಿನಲ್ಲಿ ಹೋಗಿ ನೋಡಿ. ನಿನ್ನೆಯವರೆಗೆ ಬರೀ ದಿಣ್ಣೆ, ಜಾಲಿಪೊದೆ, ಹೊಲ ಎಂದು ಕಾಣುತ್ತಿದ್ದ ಕಿಟಕಿಯಾಚೆಯ ನೆಲ ಏರಿ, ಕೋಡಿ, ಅಚ್ಚುಕಟ್ಟು ಎಂದು ಬಿಡಿಬಿಡಿಯಾಗಿ ಕಾಣತೊಡಗುತ್ತದೆ. ಈ ಹವ್ಯಾಸದ ಸುಖವೆಲ್ಲ ಇಲ್ಲಿದೆ.

ಇನ್ನು ಅದೇ ಕೆರೆಯ ಸುತ್ತ ಮೂರು ಭಾಷೆಗಳನ್ನು ಇಟ್ಟು ಕೇಳಿ. ತೆಲುಗಿನವರಿಗೆ ಕೆರೆ ‘ಚೆರುವು’, ಏರಿ ‘ಕಟ್ಟ’, ತೂಬು ‘ತೂಮು’, ಕೋಡಿ ‘ಅಲುಗು’. ತಮಿಳಿನಲ್ಲಿ ‘ಏರಿ’ ಎಂದರೆ ಕೆರೆಯೇ. ಕನ್ನಡದವರು ದಂಡೆಗೆ ಹೇಳುವುದನ್ನು ಬೇತಮಂಗಲದಾಚೆಯವರು ನೀರಿಗೂ ಸೇರಿಸಿ ಹೇಳುತ್ತಾರೆ. ತೆಲುಗಿನ ‘ಕಟ್ಟ’ ಏರಿಯಾದರೆ ಕನ್ನಡದ ‘ಕಟ್ಟೆ’ ಚಿಕ್ಕ ಕೆರೆಯೂ ಆಗಬಹುದು, ಅರಳಿಮರದ ಬುಡದ ಜಗಲಿಯೂ ಆಗಬಹುದು. ಹೀಗೆ ಪಕ್ಕಪಕ್ಕ ಬರೆದುಕೊಂಡರೆ ಕೆಲವು ನಿಯಮಗಳು ತಾವೇ ಮೇಲೇಳುತ್ತವೆ: ಕೆರೆ–ಚೆರುವು, ಕಿವಿ–ಚೆವಿ, ಕೈ–ಚೆಯ್ಯಿ. ಇ, ಎ ಸ್ವರಗಳ ಮುಂದೆ ಕನ್ನಡ ಉಳಿಸಿಕೊಂಡ ಕಕಾರವನ್ನು ತೆಲುಗು ಚಕಾರ ಮಾಡಿಕೊಂಡಿದೆ. ಭಾಷಾಶಾಸ್ತ್ರ ಓದದೆಯೂ ಈ ಸೀಮೆಯ ಸಂತೆಯಲ್ಲಿ ಇದನ್ನು ಕಂಡುಕೊಳ್ಳಬಹುದು.

ಕೇಳುವುದು ಹೇಗೆ

“ನಿಮ್ಮ ಕಡೆಯ ಹಳೆಯ ಪದ ಹೇಳಿ” ಎಂದು ಯಾರನ್ನೂ ಕೇಳಬೇಡಿ. ಹಾಗೆ ಕೇಳಿದರೆ ಎಲ್ಲರೂ ಮುಗುಳ್ನಕ್ಕು, ನಾಲ್ಕು ಗಾದೆ ಹೇಳಿ, ಕಾಫಿ ಕೊಟ್ಟು ಕಳಿಸುತ್ತಾರೆ. ಕೆಲಸದ ಬಗ್ಗೆ ಕೇಳಿ, ಅದರಲ್ಲೂ ಕೆಲಸ ಕೆಟ್ಟಾಗಿನ ಸ್ಥಿತಿಯ ಬಗ್ಗೆ ಕೇಳಿ. ರಾಗಿ ಚೆನ್ನಾಗಿ ಬಂದಾಗ ಹೇಳುವುದಕ್ಕೆ ಎರಡು ಪದ ಸಾಕು; ತೆನೆ ಕಟ್ಟದಿದ್ದಾಗ, ಹದ ತಪ್ಪಿದಾಗ, ಕಣದಲ್ಲಿ ಮಳೆ ಹಿಡಿದಾಗ ಹೇಳಲು ಹತ್ತಾರು ಬೇಕು. “ಇನ್ನೂ ಪೂರ್ತಿ ಆಗದೆ ಇರುವಾಗ ಇದನ್ನು ಏನನ್ನುತ್ತೀರಿ?” ಎಂಬುದು ಇನ್ನೊಂದು ಒಳ್ಳೆಯ ಪ್ರಶ್ನೆ.

ಪುಸ್ತಕದ ಪದವನ್ನು ಬೇಕೆಂದೇ ಬಳಸುವುದೂ ಒಂದು ಉಪಾಯ. ಹುಳುಮನೆಯಲ್ಲಿ ನಿಂತು “ಹಿಪ್ಪುನೇರಳೆ ಎಲೆ ದಿನಕ್ಕೆ ಎಷ್ಟು ಸಲ ಹಾಕುತ್ತೀರಿ?” ಎನ್ನಿ. ಉತ್ತರ ಕೊಡುವವರು ಸೊಪ್ಪು ಎಂದೋ ಕಡ್ಡಿ ಎಂದೋ ತಿದ್ದಿಕೊಂಡೇ ಮಾತು ಮುಂದುವರಿಸುತ್ತಾರೆ. ತಿದ್ದುವುದರಲ್ಲಿ ಎಲ್ಲರಿಗೂ ಸಂತೋಷವಿದೆ, ಅದನ್ನು ಅವರಿಗೆ ಕೊಡಿ.

ಹೆಸರು ಹಿಡಿದು ಮಾತಾಡಿಸುವ ಪೇಟೆಯ ಅಭ್ಯಾಸ ಇಲ್ಲಿ ಬೇಡ. ವಯಸ್ಸಾದವರನ್ನು ತಾತ, ಅಜ್ಜಿ ಎನ್ನಿ. ನಡುವಯಸ್ಸಿನವರನ್ನು ಅಣ್ಣ, ಅಕ್ಕ. ರೇಷ್ಮೆ ನೂಲು ತೆಗೆಯುವ ಕಡೆ ‘ಭಾಯಿ’ ಸಲೀಸಾಗಿ ನಡೆಯುತ್ತದೆ. ಮೊಬೈಲಿನಲ್ಲಿ ದನಿ ಹಿಡಿಯುವುದಾದರೆ ಕೇಳಿಯೇ ಹಿಡಿಯಿರಿ. ಮೊಬೈಲ್ ಮುಂದಿಟ್ಟ ಹೊಸತರಲ್ಲಿ ಎಲ್ಲರೂ ಆಕಾಶವಾಣಿಗೆ ಮಾತಾಡುವಂತೆ ಮಾತಾಡುತ್ತಾರೆ. ಅದು ಕಳೆಯುವವರೆಗೆ ಕಾಯಬೇಕು.

ಬಟಾಣಿ ಸುಲಿಯುವಾಗ, ಅವರೆ ಬಿಡಿಸುವಾಗ, ಹುಣಸೆ ಕುಟ್ಟುವಾಗ ಜೊತೆಯಲ್ಲಿ ಕುಳಿತು ಕೈ ಹಾಕಿ. ಕೈಗೆ ಕೆಲಸವಿದ್ದಾಗ ಮಾತು ಸಹಜವಾಗಿರುತ್ತದೆ. ಮೊರ ಹಿಡಿದವರ ಬಳಿ ಕೂತರೆ ಇಂಥ ಕೆಲಸಕ್ಕೆ ಎಷ್ಟು ಕ್ರಿಯಾಪದಗಳಿವೆ ಎಂಬುದು ಗೊತ್ತಾಗುತ್ತದೆ: ಗಾಳಿಗೆ ಹಿಡಿದು ಸುರಿಯುವುದು ತೂರುವುದು, ಮೊರವನ್ನು ಎತ್ತಿ ಎತ್ತಿ ಹೊಟ್ಟು ಹಾರಿಸುವುದು ಕೇರುವುದು, ತೊನೆದಾಡಿಸಿ ಕಲ್ಲು ಬೇರೆ ಮಾಡುವುದು ಒನೆಯುವುದು, ನೀರಿನಲ್ಲಿ ಅಲುಗಿಸಿ ಮರಳು ತೆಗೆಯುವುದು ಜಾಲಿಸುವುದು. ಸಂಗ್ರಾಹಕರು ನಾಮಪದದ ಬೆನ್ನು ಹತ್ತುತ್ತಾರೆ, ವಸ್ತುವನ್ನು ಬೆರಳಿಟ್ಟು ತೋರಿಸಬಹುದಲ್ಲ. ಮೊದಲು ಕಣ್ಮರೆಯಾಗುವುದು ಕ್ರಿಯಾಪದ. ಮೊರ ವಸ್ತುಸಂಗ್ರಹಾಲಯದಲ್ಲಾದರೂ ಇರುತ್ತದೆ, ಒನೆಯುವುದನ್ನು ಎಲ್ಲಿ ಇಡುವುದು?

ಚೀಟಿ ಬರೆಯುವ ಕ್ರಮ

ಪುಸ್ತಕದಲ್ಲಿ ಸಾಲಾಗಿ ಬರೆಯಬೇಡಿ, ಒಂದು ಪದಕ್ಕೆ ಒಂದು ಚೀಟಿ. ಅಂಚೆ ಕಾರ್ಡಿನ ಅಳತೆಯ ದಪ್ಪ ಕಾಗದ ಸಾಕು. ನಿಘಂಟು ಮಾಡಿದ ಹಳಬರ ಪದ್ಧತಿ ಇದು; ಹೊಸ ಪದ ಬಂದಾಗ ನಡುವೆ ತೂರಿಸಬಹುದು, ಬೇಡವಾದದ್ದನ್ನು ತೆಗೆಯಬಹುದು. ಚೀಟಿ ಹೀಗಿರಲಿ:

ಪದ: ಕೋಡಿ ಬೀಳು
ಕೇಳಿದ ವಾಕ್ಯ: “ಕೋಡಿ ಬಿದ್ದರೆ ಆ ಕಡೆ ದಾರಿ ಇಲ್ಲ.”
ಹೇಳಿದವರು: ರೈತ ಮಹಿಳೆ, ಸುಮಾರು ಅರವತ್ತು, ಮನೆಮಾತು ತೆಲುಗು
ಎಲ್ಲಿ: ಶ್ರೀನಿವಾಸಪುರ ತಾಲ್ಲೂಕು, ಕೆರೆಯ ಪಕ್ಕದ ಕಾಲುದಾರಿ
ಸಂದರ್ಭ: ಮಳೆಗಾಲದಲ್ಲಿ ಪಕ್ಕದೂರಿಗೆ ದಾರಿ ಕೇಳಿದಾಗ
ಅರ್ಥ: ಕೆರೆ ತುಂಬಿ ಕೋಡಿಯ ಮೇಲೆ ನೀರು ಹರಿಯುವುದು
ಸಂದೇಹ: ಕೋಡಿ ಹರಿಯುವುದು ಎಂದೂ ಹೇಳುತ್ತಾರೆಯೇ?

ಇದರಲ್ಲಿ ಬಿಡಲೇಬಾರದ್ದು ಎರಡನೆಯ ಸಾಲು. ವಾಕ್ಯವಿಲ್ಲದ ಪದ ಒಂದು ವರ್ಷದ ನಂತರ ನಿಮಗೇ ಅಪರಿಚಿತ. ‘ಕೋಡಿ’ ಎಂದಷ್ಟೇ ಬರೆದಿದ್ದರೆ ಅದರ ಜೊತೆ ‘ಬೀಳು’ ಬರುತ್ತದೆ ಎಂಬ ಸಂಗತಿಯೇ ಹೋಗುತ್ತಿತ್ತು. ಬಾಯಿಂದ ಬಂದ ಉಚ್ಚಾರವನ್ನು ಬಂದ ಹಾಗೆಯೇ ಬರೆಯಿರಿ, ಪುಸ್ತಕದ ರೂಪಕ್ಕೆ ತಿದ್ದಬೇಡಿ. ತಿದ್ದಿದ ರೂಪ ಬೇಕಿದ್ದರೆ ಹಿಂಬದಿಯಲ್ಲಿ ಇರಲಿ. ಅರ್ಥ ಗೊತ್ತಾಗದಿದ್ದರೆ ಆ ಸಾಲನ್ನು ಖಾಲಿ ಬಿಡಿ, ಊಹೆಯಿಂದ ತುಂಬಬೇಡಿ. ಹೇಳಿದವರ ಹೆಸರು ಬೇಕಿಲ್ಲ. ಕಸುಬು, ಅಂದಾಜು ವಯಸ್ಸು, ಮನೆಮಾತು ಸಾಕು.

ಪರೀಕ್ಷೆ

ಈಗ ನಿಘಂಟಿನ ಸರದಿ. ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಪ್ರಕಟವಾಯಿತು. ಆಡುಮಾತನ್ನೂ ಗಾದೆಗಳನ್ನೂ ಮಡಿಮೈಲಿಗೆಯಿಲ್ಲದೆ ಸೇರಿಸಿಕೊಂಡದ್ದರಿಂದ ಕಸುಬಿನ ಪದಗಳಿಗೆ ಅದು ಇಂದಿಗೂ ಒಳ್ಳೆಯ ಆಸರೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಹಳಗನ್ನಡದಿಂದ ಇಲ್ಲಿಯವರೆಗಿನ ಪ್ರಯೋಗಗಳನ್ನು ಉದಾಹರಣೆಯ ಸಮೇತ ಕೊಡುತ್ತದೆ. ಕೊಳ್ಳಲಾಗದಿದ್ದರೆ ದೊಡ್ಡ ಗ್ರಂಥಾಲಯಗಳಲ್ಲಿ ವಿಚಾರಿಸಿ. ಮೊಬೈಲಿನಲ್ಲಿ ತಟ್ಟನೆ ನೋಡಲು ‘ಅಲರ್’ ಎಂಬ ಅಂತರ್ಜಾಲ ನಿಘಂಟು ಇದೆ, ವಿ. ಕೃಷ್ಣ ಅವರು ಸಿದ್ಧಪಡಿಸಿದ್ದು. ತೆಲುಗು, ತಮಿಳಿನ ನೆಂಟಸ್ತನ ಹುಡುಕಲು ಬರೋ ಮತ್ತು ಎಮೆನೋ ಅವರ ದ್ರಾವಿಡ ಜ್ಞಾತಿಪದಗಳ ನಿಘಂಟು, ಅದೂ ಅಂತರ್ಜಾಲದಲ್ಲಿ ಸಿಗುತ್ತದೆ.

ಪದ ಸಿಗಲಿಲ್ಲವೆಂದು ಕೂಡಲೇ “ನಿಘಂಟಿನಲ್ಲೇ ಇಲ್ಲದ ಪದ ಕಂಡುಹಿಡಿದೆ” ಎಂದು ಹಿಗ್ಗಬೇಡಿ. ಬಹುತೇಕ ಸಲ ಅದು ಬೇರೆ ಅಕ್ಷರದ ಕೆಳಗೆ ಕೂತಿರುತ್ತದೆ. ಚಳಿಗಾಲದ ಸೊಗಡಿನ ಅವರೆಯನ್ನೇ ನೋಡಿ. ಕಾಳನ್ನು ನೆನೆಸಿ, ಬೆರಳ ನಡುವೆ ಒತ್ತಿ ಸಿಪ್ಪೆಯಿಂದ ಹೊರಚಿಮ್ಮಿಸಿದ ಬೇಳೆಗೆ ಒಂದು ಮನೆಯಲ್ಲಿ ‘ಹಿತಕಿದ ಬೇಳೆ’, ಇನ್ನೊಂದರಲ್ಲಿ ‘ಹಿದುಕಿದ ಬೇಳೆ’, ಮತ್ತೊಂದರಲ್ಲಿ ಹಕಾರ ಬಿದ್ದುಹೋಗಿ ‘ಇದುಕವರೆ’. ಇಕಾರದಲ್ಲಿ ಹುಡುಕಿದರೆ ಸಿಗುವುದಿಲ್ಲ. ಈ ಸೀಮೆಯ ಮಾತಿನಲ್ಲಿ ಪದದ ಮೊದಲ ಹಕಾರ ಬೀಳುವುದು ಸಾಮಾನ್ಯ, ಹಾಗಾಗಿ ಹಕಾರ ಸೇರಿಸಿ ನೋಡಿ. ಹಕಾರದಲ್ಲೂ ಸಿಗದಿದ್ದರೆ ಪಕಾರಕ್ಕೆ ಹೋಗಿ. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆಗಿದೆ. ಆ ಪಕಾರ ತೆಲುಗು, ತಮಿಳಿನಲ್ಲಿ ಇನ್ನೂ ಉಳಿದಿದೆ. ಗಡಿ ದಾಟಿ ಚಿತ್ತೂರಿನ ಕಡೆ ಅದೇ ಬೇಳೆ ‘ಪಿತಿಕಿನ ಪಪ್ಪು’. ತಮಿಳಿನಲ್ಲಿ ಹಿಸುಕುವುದಕ್ಕೆ ‘ಪಿದುಕ್ಕು’. ಸಾರಿನ ಪಾತ್ರೆಯಿಂದ ಹೊರಟು ಮೂರು ರಾಜ್ಯ ಸುತ್ತಿ ಬಂದದ್ದಾಯಿತು. ಚೀಟಿಯಲ್ಲಿ ಮಾತ್ರ ‘ಇದುಕವರೆ’ ಎಂದೇ ಇರಲಿ.

ವ್ಯುತ್ಪತ್ತಿಯ ವಿಷಯದಲ್ಲಿ ಸ್ವಲ್ಪ ಜಿಪುಣರಾಗಿರಿ. ಪ್ರತಿ ಊರಿನ ಹೆಸರಿಗೂ ಒಂದು ಕಥೆ ಸಿದ್ಧವಾಗಿರುತ್ತದೆ. ಕೋಲಾರಕ್ಕೆ ಪರಶುರಾಮನ ಕಾಲದ ‘ಕೋಲಾಹಲ’ದಿಂದ ಹೆಸರು ಬಂತು ಎಂಬ ಕಥೆ ಎಲ್ಲರಿಗೂ ಗೊತ್ತು. ಗಂಗರ ಶಾಸನಗಳಲ್ಲಿ ಊರಿನ ಹೆಸರು ‘ಕುವಳಾಲ’. ‘ಕುವಳಾಲಪುರವರೇಶ್ವರ’ ಎಂಬುದು ಆ ಅರಸರ ಬಿರುದು. ಎರಡನ್ನೂ ಬರೆದುಕೊಳ್ಳಿ, ಬೇರೆಬೇರೆ ಸಾಲಿನಲ್ಲಿ. ಕಥೆಯೂ ಸಂಗ್ರಹಕ್ಕೆ ಯೋಗ್ಯವೇ, ಪುರಾವೆ ಎಂದು ಬರೆಯದಿದ್ದರೆ ಆಯಿತು.

ಕಾಗದದ ಗಣಿ

ಮನೆಯ ಟ್ರಂಕಿನಲ್ಲಿ ಹಳೆಯ ಕ್ರಯಪತ್ರ ಇದ್ದೇ ಇರುತ್ತದೆ. ಖುಷ್ಕಿ ಎಂದರೆ ಮಳೆಯಾಶ್ರಯದ ಭೂಮಿ, ತರಿ ಎಂದರೆ ನೀರಾವರಿಯದು, ಬಾಗಾಯ್ತು ಎಂದರೆ ತೋಟ. ಚೆಕ್ಕುಬಂದಿ ಎಂದರೆ ನಾಲ್ಕು ದಿಕ್ಕಿನ ಗಡಿ. ಖರಾಬು (ಸಾಗುವಳಿಗೆ ಬಾರದ ನೆಲ), ಗೋಮಾಳ (ದನ ಮೇಯುವ ಬಯಲು), ಗುಂಡುತೋಪು (ಊರಿಗೆ ಸೇರಿದ ಮರಗಳ ತೋಪು) ಇಂದಿನ ಪಹಣಿಗಳಲ್ಲೂ ಉಳಿದಿವೆ. ಚೆಕ್ಕುಬಂದಿಯ ಸಾಲುಗಳನ್ನು ನಿಧಾನವಾಗಿ ಓದಿ. ಮೂಡಲಿಗೆ ಓಣಿ, ಬಡಗಲಿಗೆ ಕುಂಟೆ, ಪಡುವಲಿಗೆ ಯಾರದೋ ಹುಣಸೆಮರ ಎಂದು ಇಲ್ಲದಾದ ಊರೊಂದು ಅಲ್ಲಿ ಇರುತ್ತದೆ. ಅಳತೆಯ ಪದಗಳೂ ಇಲ್ಲೇ: ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. 1956ರ ತೂಕ ಮತ್ತು ಅಳತೆಗಳ ಕಾಯ್ದೆ ಇವನ್ನು ಅಂಗಡಿಯಿಂದ ಹೊರಹಾಕಿತು, ಅಡುಗೆಮನೆಯಿಂದ ಪಾವನ್ನು ಹೊರಹಾಕಲು ಆಗಲಿಲ್ಲ.

ಇನ್ನೂ ಹಿಂದೆ ಹೋಗುವವರಿಗೆ ಶಾಸನಗಳಿವೆ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯದು, 1905ರದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಹಾಗಾಗಿ ಆ ಕಡೆಯ ಕಲ್ಲುಗಳೂ ಇದರಲ್ಲೇ ಇವೆ. ಕೆರೆ ಕಟ್ಟಿಸಿದ್ದಕ್ಕೆ, ಕಾಪಾಡಿದ್ದಕ್ಕೆ ಕೊಡುತ್ತಿದ್ದ ‘ಬಿತ್ತುವಟ್ಟ’, ಕಾದಾಡಿ ಸತ್ತವರ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಯಾದ ‘ನೆತ್ತರುಗೊಡಗೆ’ ಇಂಥವು ಶಾಸನಗಳಲ್ಲಿ ಸಿಗುತ್ತವೆ. ಇವುಗಳನ್ನು ಬೇರೆ ಬಣ್ಣದ ಚೀಟಿಯಲ್ಲಿ ಬರೆಯಿರಿ, ಕಿವಿಯಿಂದ ಬಂದದ್ದರ ಜೊತೆ ಬೆರೆಸಬೇಡಿ.

ಬೇಡ ಎಂದು ಬಿಡುವ ಮುನ್ನ

ಅಚ್ಚಗನ್ನಡದ ಪದ ಮಾತ್ರ ಕೂಡಿಡುತ್ತೇನೆ ಎನ್ನುವವರು ಈ ಸೀಮೆಯಲ್ಲಿ ಬಹಳ ಬೇಗ ಬರಿಗೈಯಾಗುತ್ತಾರೆ. ಖುಷ್ಕಿ, ತರಿ ಪಾರ್ಸಿಯಿಂದ ಬಂದವು. ಮಂಡಿಯಲ್ಲಿ ಟೊಮೆಟೊ ಬೆಲೆ ಹೇಳುವುದು ‘ಬಾಕ್ಸ್’ ಲೆಕ್ಕದಲ್ಲಿ, ಅಂದರೆ ಹದಿನೈದು ಕಿಲೊ. ಇದು ಇಂಗ್ಲಿಷಿನ ಪೆಟ್ಟಿಗೆಯಲ್ಲ, ಕೋಲಾರದ ಒಂದು ಅಳತೆ. 2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೆ ಬರತೊಡಗಿದ ಮೇಲೆ ‘ಕೆ.ಸಿ. ವ್ಯಾಲಿ’ (ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ) ಎಂಬ ಕಣಿವೆಯ ಹೆಸರೇ ಒಂದು ಬಗೆಯ ನೀರಿನ ಹೆಸರಾಗಿದೆ. ನೀರಗಂಟಿಯ ತೂಬಿನಷ್ಟೇ ಇದೂ ಚೀಟಿಗೆ ಅರ್ಹ. ಮುಂದಿನ ತಲೆಮಾರಿಗೆ ವಿಚಿತ್ರವಾಗಿ ಕೇಳಿಸುವುದು ಬಹುಶಃ ಇದೇ.

ಒಂದು ಎಚ್ಚರಿಕೆ. ಕಸುಬಿನ ಪದಗಳ ನಡುವೆ ಜಾತಿಯ ಅವಮಾನ ತುಂಬಿದ ಪದಗಳೂ ಬರುತ್ತವೆ, ಗಾದೆಗಳಲ್ಲಂತೂ ಹೇರಳ. ಅವುಗಳನ್ನು ದಾಖಲಿಸುವುದು ಬಿಡುವುದು ನಿಮ್ಮ ವಿವೇಕ. ದಾಖಲಿಸಿದರೆ ಯಾರು ಯಾರಿಗೆ ಹೇಳುವ ಮಾತು ಎಂಬುದನ್ನೂ ಬರೆಯಿರಿ, ‘ನಮ್ಮ ಸೊಗಡು’ ಎಂದು ಮೆರೆಸಬೇಡಿ.

ಇಡುವುದು, ಮರಳಿಸುವುದು

ಜೋಡಿಸುವುದಕ್ಕೆ ಶೂ ಡಬ್ಬ ಸಾಕು. ಅಕಾರಾದಿಗಿಂತ ಕಸುಬಿನ ಪ್ರಕಾರ ಜೋಡಿಸುವುದು ಲೇಸು: ಕೆರೆ, ಹುಳು, ರಾಗಿ, ಅಡುಗೆ, ಕಚೇರಿ. ಚೀಟಿಗಳ ಫೋಟೊ ಆಗಾಗ ಮೊಬೈಲಿಗೆ ಹೋಗಲಿ, ಇಲಿಗೂ ಗೆದ್ದಲಿಗೂ ಭಾಷಾಭಿಮಾನವಿಲ್ಲ.

ಮುಖ್ಯವಾದ ಕೆಲಸ ಚೀಟಿಯನ್ನು ಮತ್ತೆ ಹೊರಗೆ ಒಯ್ಯುವುದು. ಹೇಳಿದವರಿಗೇ ಓದಿ ಹೇಳಿ. ಅರ್ಥ ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ, ಸರಿಯಿದ್ದರೆ ಪಕ್ಕದಲ್ಲಿದ್ದವರು ಇನ್ನೆರಡು ಸೇರಿಸುತ್ತಾರೆ. ಆಮೇಲೆ ಅದೇ ಚೀಟಿಯನ್ನು ಬೇರೆ ತಾಲ್ಲೂಕಿಗೆ ಒಯ್ದು “ನಿಮ್ಮಲ್ಲಿ ಇದಕ್ಕೆ ಏನನ್ನುತ್ತಾರೆ?” ಎಂದು ಕೇಳಿ. ರಾಗಿಯ ಸಾಲುಗಳ ನಡುವೆ ಅವರೆ, ಸಾಸಿವೆ, ಹುಚ್ಚೆಳ್ಳು ಬಿತ್ತುವ ‘ಅಕ್ಕಡಿ’ಯನ್ನು ಹಿಡಿದು ಮಾಲೂರಿನಿಂದ ಗೌರಿಬಿದನೂರಿನವರೆಗೆ ಹೀಗೆ ಕೇಳುತ್ತ ಹೋಗಬಹುದು. ಯಾವ ಕಾಳನ್ನು ಅಕ್ಕಡಿ ಎನ್ನುತ್ತಾರೆ, ಎಷ್ಟು ಸಾಲಿಗೆ ಒಂದು, ಮೊದಲು ಕೊಯ್ಯುವುದು ಯಾವುದು ಎಂದೆಲ್ಲ ಉತ್ತರ ಊರೂರಿಗೆ ಬದಲಾಗಬಹುದು. ಎರಡು ಊರಿನ ಉತ್ತರ ಒಂದೇ ಆಗಿದ್ದರೂ ಚೀಟಿಗಳನ್ನು ಒಂದಾಗಿಸಬೇಡಿ. ಎರಡನ್ನೂ ಒಂದರ ಹಿಂದೆ ಒಂದು ಇಟ್ಟು, ಮೂರನೆಯ ಊರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿ.